ಸೈನ್ ಲರ್ನ್: ಕಿವುಡ ಮಗುವಿರುವ ಮನೆಗೆ ಒಂದು ನಿಘಂಟು

ನವದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2022ರ ಸೆಪ್ಟೆಂಬರ್ 23ರಂದು, ಅಂತರರಾಷ್ಟ್ರೀಯ ಸಂಜ್ಞಾ ಭಾಷಾ ದಿನದಂದೇ, ಬಿಡುಗಡೆ ಮಾಡಿದ ಸೈನ್ ಲರ್ನ್ ಎಂಬ ಆ್ಯಪ್ ನಮ್ಮ ಮನೆಯಲ್ಲಿ ದಿನಬಳಕೆಯಲ್ಲಿದೆ. ನನ್ನ ತಮ್ಮನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು; ಉಳಿದ ನಮಗೆಲ್ಲ ಕೇಳಿಸುತ್ತದೆ. ಇಂಥ ಮನೆಗಳೇ ಹೆಚ್ಚು, ಏಕೆಂದರೆ ಬಹುಪಾಲು ಕಿವುಡ ಮಕ್ಕಳು ಹುಟ್ಟುವುದು ಸಂಜ್ಞಾ ಭಾಷೆಯ ಗಂಧಗಾಳಿಯೂ ಇಲ್ಲದ ತಂದೆತಾಯಿಗೆ. ಅಂಥ ಮನೆಮಂದಿಗೆ ಈ ಆ್ಯಪ್ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದಷ್ಟೇ ಇಲ್ಲಿನ ವಿಚಾರ.

ಇದರ ಬುನಾದಿ ಅದೇ ಕೇಂದ್ರ ಸಿದ್ಧಪಡಿಸಿದ ಸಂಜ್ಞಾ ನಿಘಂಟು. 2018ರಲ್ಲಿ 3,000 ಪದಗಳೊಂದಿಗೆ ಆರಂಭವಾದ ಆ ನಿಘಂಟು ಮರುವರ್ಷ 6,000ಕ್ಕೆ, 2021ರ ಮೂರನೆಯ ಆವೃತ್ತಿಯಲ್ಲಿ 10,000ಕ್ಕೆ ಬೆಳೆಯಿತು. ದಿನಬಳಕೆಯ ಪದಗಳ ಜೊತೆಗೆ ಕಾನೂನು, ವೈದ್ಯಕೀಯ, ಕೃಷಿ, ಶಾಲಾ ಪಾಠಗಳ ಪದಗಳೂ ಅದರಲ್ಲಿವೆ. ಪ್ರತಿ ಪದಕ್ಕೂ ಸಂಜ್ಞೆ ಮಾಡಿ ತೋರಿಸುವ ಒಂದು ಕಿರು ವಿಡಿಯೊ ಇದೆ. ಎಲ್ಲವೂ ಉಚಿತ.

ಮುದ್ರಿತ ಚಿತ್ರಪಟಕ್ಕಿಂತ ವಿಡಿಯೊ ಏಕೆ ಮೇಲು ಎಂಬುದು ಬಳಸತೊಡಗಿದ ಕೂಡಲೇ ತಿಳಿಯುತ್ತದೆ. ಸಂಜ್ಞೆ ಎಂದರೆ ಬೆರಳಿನ ಆಕಾರ ಮಾತ್ರವಲ್ಲ. ಕೈ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ, ಅಂಗೈ ಯಾವ ಕಡೆ ತಿರುಗಿದೆ, ಮುಖ ಏನು ಹೇಳುತ್ತಿದೆ ಎಂಬುದೆಲ್ಲ ಸೇರಿದರೇ ಅದು ಪದವಾಗುತ್ತದೆ. ನನ್ನ ನಾದಿನಿ ಅಡುಗೆಮನೆಯ ಕಟ್ಟೆಯ ಮೇಲೆ ಬೇಳೆಡಬ್ಬಿಗೆ ಫೋನನ್ನು ಒರಗಿಸಿ, ಒಗ್ಗರಣೆಯ ಸೌಟು ಕೆಳಗಿಟ್ಟು, ಎರಡೂ ಕೈಗಳಲ್ಲಿ ಸಂಜ್ಞೆ ಮಾಡಿ ನೋಡುತ್ತಾಳೆ. ಮಗಳು ಪಕ್ಕದಲ್ಲಿ ನಿಂತು ಅಮ್ಮನ ಮುಖವನ್ನೂ ಫೋನನ್ನೂ ಒಂದಾದ ಮೇಲೊಂದರಂತೆ ನೋಡಿ, ಅಮ್ಮನಿಗಿಂತ ಮೊದಲೇ ಸರಿಯಾಗಿ ಮಾಡಿಬಿಡುತ್ತಾಳೆ. ಚಲನೆ ವೇಗವೆನಿಸಿದರೆ ಅದೇ ನಿಘಂಟು ಕೇಂದ್ರದ ಯೂಟ್ಯೂಬ್ ಚಾನೆಲ್‌ನಲ್ಲೂ ಇರುವುದರಿಂದ, ಅಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿಕೊಂಡು ನೋಡುವುದು ಒಳ್ಳೆಯದು.

ಕೊರತೆಯಿರುವುದು ಪದಗಳಲ್ಲಲ್ಲ, ವಾಕ್ಯಗಳಲ್ಲಿ. ನಿಘಂಟು ಓದಿ ಯಾರೂ ಭಾಷೆ ಕಲಿಯುವುದಿಲ್ಲವಷ್ಟೆ. ಪದ ಕಲಿತ ಮನೆಯವರು ಅವುಗಳನ್ನು ಇಂಗ್ಲಿಷಿನ ಜಾಡಿನಲ್ಲಿ ಜೋಡಿಸತೊಡಗಿದರೆ ಮಗುವಿಗೆ ಗೊಂದಲವೇ ಗತಿ. ಭಾರತೀಯ ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣವಿದೆ. ಪ್ರಶ್ನೆಯ ಪದ ವಾಕ್ಯದ ಕೊನೆಗೆ ಬರುತ್ತದೆ, ‘ಇಲ್ಲ’ ಎಂಬುದೂ ಕ್ರಿಯೆಯ ನಂತರವೇ ಬರುತ್ತದೆ, ‘ಹೌದೋ ಅಲ್ಲವೋ’ ಎಂದು ಕೇಳುವಾಗ ಹುಬ್ಬು ಮೇಲೇರುತ್ತದೆ. ‘ನಿನ್ನ ಹೆಸರೇನು’, ‘ಅಜ್ಜಿ ಬರುವುದಿಲ್ಲ’ ಎನ್ನುವ ಕನ್ನಡಿಗರಿಗೆ ಈ ಕ್ರಮ ಇಂಗ್ಲಿಷಿನವರಿಗಿಂತ ಬೇಗ ಕೈಗೆ ಹತ್ತುತ್ತದೆ. ಹೀಗೆ ಅನುಕೂಲವಾಗಿರುವ ಸಂಗತಿಯನ್ನು ನಮಗೆ ಯಾರಾದರೂ ಕನ್ನಡದಲ್ಲಿ ಹೇಳಿಕೊಟ್ಟರೆ ಎಷ್ಟೋ ಮನೆಗಳ ಅರ್ಧ ಹಿಂಜರಿಕೆ ಇಳಿದೀತು.

ಆದರೆ ಆ್ಯಪ್ ಹೊರಬಂದದ್ದು ಹಿಂದಿ ಮತ್ತು ಇಂಗ್ಲಿಷ್ ಮಾಧ್ಯಮಗಳಲ್ಲಿ. ಹುಡುಕಾಟವೂ ಆ ಎರಡರಲ್ಲೇ. ಮಗುವಿನೊಡನೆ ಹಗಲೆಲ್ಲ ಇರುವವರು ನಮ್ಮಮ್ಮ, ಅಂದರೆ ಮಗುವಿನ ಅಜ್ಜಿ. ಅವರಿಗೆ ಕನ್ನಡ ಬಿಟ್ಟು ಬೇರೆ ಲಿಪಿ ಬಾರದು. ‘ಪುಟ್ಟಿಗೆ ಹೊಟ್ಟೆನೋವಾ ಅಂತ ಕೇಳೋದು ಹೇಗೆ ತೆಗೆದುಕೊಡೇ’ ಎಂದು ಅವರು ಪ್ರತಿ ಸಲ ಯಾರನ್ನಾದರೂ ಕಾಯಬೇಕು. ವಿಡಿಯೊಗಳನ್ನು ಹಂಚಿಕೊಳ್ಳುವ ಅವಕಾಶ ಇರುವುದರಿಂದ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಒಂದೊಂದನ್ನೇ ಹಾಕಿ, ಕೆಳಗೆ ಕನ್ನಡದಲ್ಲಿ ಪದ ಬರೆದಿಡುವುದು ಸದ್ಯದ ಪರಿಹಾರ. ಹತ್ತು ಸಾವಿರ ಪದಗಳಲ್ಲಿ ಅಜ್ಜಿಗೆ ಬೇಕಾದದ್ದು ಹಸಿವು, ನೋವು, ಬಿಸಿ, ಸಾಕು, ನಾಳೆ, ಯಾಕೆ ಇಂಥವಷ್ಟೇ. ಸಾರ್ವಜನಿಕ ಹಣದಿಂದ ಆಗಿರುವ ಇಷ್ಟು ಒಳ್ಳೆಯ ಕೆಲಸಕ್ಕೆ ಕನ್ನಡದ ಹುಡುಕಾಟ ಸೇರಿಸಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಪದವನ್ನು ಒಂದೊಂದೇ ಅಕ್ಷರವಾಗಿ ಬೆರಳುಗಳಲ್ಲಿ ತೋರಿಸುವ ಬೆರಳಕ್ಷರದ ವಿಷಯವನ್ನೂ ಹೇಳಬೇಕು. ಎರಡು ಕೈಗಳಿಂದ ಮಾಡುವ ಈ ಅಕ್ಷರಮಾಲೆ ಇಂಗ್ಲಿಷಿನದು. ಹೆಬ್ಬೆರಳಿನಿಂದ ಕಿರುಬೆರಳವರೆಗೆ ಐದು ತುದಿಗಳು ಅದರ ಐದು ಸ್ವರಗಳು. ಊರಿನ, ಜನರ ಹೆಸರು ತಿಳಿಸಲು ಇದು ಬೇಕೇ ಬೇಕು. ಮಕ್ಕಳು ಆಟದಂತೆ ಕಲಿಯುತ್ತಾರೆ, ದೊಡ್ಡವರು ತಡವರಿಸುತ್ತಾರೆ.

ಸಂಜ್ಞೆ ಕಲಿಸಿದರೆ ಮಗು ಮಾತು ಕಲಿಯುವುದಿಲ್ಲ ಎಂಬ ಎಚ್ಚರಿಕೆಯನ್ನು ಹಲವು ಪೋಷಕರು ಕೇಳಿರುತ್ತಾರೆ. ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಅಳವಡಿಸುವ, ಹೊರಗೊಂದು ಯಂತ್ರವೂ ಇರುವ ಶ್ರವಣ ಸಾಧನ) ಆದ ಮಗುವಿಗೂ ಮಾತು ಮೂಡಲು ತಿಂಗಳುಗಟ್ಟಲೆ, ವರ್ಷಗಟ್ಟಲೆ ತರಬೇತಿ ಬೇಕು. ಆ ಕಾಲದಲ್ಲಿ ಮಗು ಯಾವ ಭಾಷೆಯೂ ಇಲ್ಲದೆ ಇರಬೇಕೇ? ಮೇಲಾಗಿ ಸ್ನಾನಕ್ಕೆ, ನಿದ್ದೆಗೆ ಹೊರಗಿನ ಯಂತ್ರ ತೆಗೆದಿಟ್ಟ ಮೇಲೆ ಆ ಮಗುವಿಗೂ ಏನೂ ಕೇಳಿಸದು. ಬಚ್ಚಲಿನಲ್ಲಿ ‘ನೀರು ಬಿಸಿ, ತಾಳು’ ಎನ್ನಲು ಕೈಯೇ ಬೇಕು. ವಾಕ್ ತರಬೇತಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ತಾಣ ನಮ್ಮ ರಾಜ್ಯದಲ್ಲೇ ಇದೆ. ಎರಡೂ ಒಟ್ಟಿಗೆ ಸಾಗಬಹುದು.

ಇನ್ನು ಯಾರು ಇದನ್ನು ಫೋನಿಗೆ ಹಾಕಿಕೊಳ್ಳಬೇಕು? ಮಗುವಿನ ಕಿವುಡುತನ ಈಗಷ್ಟೇ ಗೊತ್ತಾದ ಮನೆಯವರು ಇವತ್ತೇ ಹಾಕಿಕೊಳ್ಳಲಿ, ತಂದೆತಾಯಿ ಮಾತ್ರವಲ್ಲ, ಅಣ್ಣತಮ್ಮಂದಿರೂ ಚಿಕ್ಕಪ್ಪಂದಿರೂ. ಒಂದೇ ಪದಕ್ಕೆ ಊರಿಂದ ಊರಿಗೆ ಬೇರೆ ಸಂಜ್ಞೆ ಇರುವುದುಂಟು, ನಿಘಂಟೂ ಪ್ರಾದೇಶಿಕ ಸಂಜ್ಞೆಗಳಿಗೆ ಜಾಗ ಕೊಟ್ಟಿದೆ. ಹಾಗಾಗಿ ವಿಡಿಯೊದಲ್ಲಿ ಕಂಡದ್ದನ್ನು ಹತ್ತಿರದಲ್ಲಿರುವ ಕಿವುಡ ಹಿರಿಯರೊಬ್ಬರಿಗೆ ತೋರಿಸಿ ಕೇಳಿಕೊಳ್ಳುವುದು ಲೇಸು. ಶಾಲೆಗೆ ಹೋಗುವ ವಯಸ್ಸಿನ, ಸಂಜ್ಞೆ ಆಗಲೇ ಬಲ್ಲ ಮಕ್ಕಳಿಗೆ ಈ ಆ್ಯಪ್‌ಗಿಂತ ಶಾಲಾ ಪಾಠಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ದೀಕ್ಷಾ ಜಾಲತಾಣದಲ್ಲಿರುವ ಎನ್‌ಸಿಇಆರ್‌ಟಿ ಪಠ್ಯಗಳ ಸಂಜ್ಞಾ ವಿಡಿಯೊಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ.