ಹಾವೆಲ್ಸ್ ಅವರ ‘ಕೊಲೀಜಿಯಂ ರಿಗಾಲೆ’ ಸಂಧ್ಯಾ ಗೀತೆಗಳು

ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ (ಲ್ಯಾಟಿನ್‌ನಲ್ಲಿ ‘ಕೊಲೀಜಿಯಂ ರಿಗಾಲೆ’) ಗಾಯಕವೃಂದಕ್ಕಾಗಿ ಇಂಗ್ಲಿಷ್ ಸಂಗೀತ ರಚನಕಾರ ಹರ್ಬರ್ಟ್ ಹಾವೆಲ್ಸ್ 1945ರಲ್ಲಿ ರಚಿಸಿದ ಈ ಕೃತಿಯನ್ನು ಹಲವು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಈಚೆಗೆ ಸ್ವರಲಿಪಿಯನ್ನು ಎದುರಿಗಿಟ್ಟುಕೊಂಡು ಮತ್ತೆ ಕೇಳಿದಾಗ, ಅದರ ಸಂಯಮದ ಆಳ ಮನವರಿಕೆಯಾಯಿತು.

ಆಂಗ್ಲಿಕನ್ ಕ್ರೈಸ್ತ ಸಭೆಯ ಸಂಜೆಯ ಆರಾಧನೆಯಲ್ಲಿ ಬೈಬಲ್ಲಿನ ಹಳೆ ಒಡಂಬಡಿಕೆಯ ಪಾಠವಾದ ಮೇಲೆ ಯೇಸುವಿನ ತಾಯಿ ಮರಿಯಳ ಸ್ತೋತ್ರವನ್ನೂ ಹೊಸ ಒಡಂಬಡಿಕೆಯ ಪಾಠವಾದ ಮೇಲೆ, ಶಿಶು ಯೇಸುವನ್ನು ಕಂಡು ಇನ್ನು ಸಮಾಧಾನದಿಂದ ಹೊರಡುವೆನೆಂದ ಮುದುಕ ಸಿಮೆಯೋನನ ಗೀತೆಯನ್ನೂ ಹಾಡುವುದು ವಾಡಿಕೆ. ಇವೆರಡಕ್ಕೂ ಹಾವೆಲ್ಸ್ ಸಂಗೀತ ಕೊಟ್ಟಿದ್ದಾರೆ. ಒಟ್ಟು ಅವಧಿ ಹತ್ತು ನಿಮಿಷದ ಆಸುಪಾಸು.

ಸ್ತೋತ್ರವನ್ನು ಆರಂಭಿಸುವುದು ಬಾಲಕರ ಎಳೆಯ ದನಿಗಳು ಮಾತ್ರ. ಕೆಳಗೆ ಆರ್ಗನ್ ಮೆಲ್ಲನೆ ಉಸಿರಾಡುತ್ತಿರುತ್ತದೆ, ಪುರುಷ ದನಿಗಳು ಕಾದಿರುತ್ತವೆ. ಹಾಡುತ್ತಿರುವವಳು ಹದಿಹರೆಯದ ಹುಡುಗಿ ಎಂಬುದನ್ನು ಅಷ್ಟರಿಂದಲೇ ನಂಬುತ್ತೇವೆ. ಬಲಿಷ್ಠರು ಸಿಂಹಾಸನಗಳಿಂದ ಕೆಳಗಿಳಿಯುವ ಸಾಲು ಬಂದಾಗ ಅನೇಕ ರಚನಕಾರರು ಆರ್ಗನ್ನಿನ ಕೊಳವೆಗಳನ್ನೆಲ್ಲ ಒಮ್ಮೆಲೇ ಗರ್ಜಿಸಲು ಬಿಡುತ್ತಾರೆ. ಹಾವೆಲ್ಸ್ ಹಾಗೆ ಮಾಡುವುದಿಲ್ಲ. ಬಲಪ್ರಯೋಗದ ಸದ್ದಿಲ್ಲದೆ ಆ ಸಾಲು ಸಾಗಿಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಕೃತಿಯ ಅತ್ಯಂತ ಧೈರ್ಯದ ಗಳಿಗೆ ಅದು.

ಸಿಮೆಯೋನನ ಗೀತೆಯಲ್ಲಿ ಒಂಟಿ ಟೆನರ್ (ಎತ್ತರದ ಪುರುಷ) ದನಿ ಮುಂದೆ ನಿಲ್ಲುತ್ತದೆ, ವೃಂದ ಅದರ ಹಿಂದೆ ಮೃದುವಾಗಿ ಹರಡಿಕೊಳ್ಳುತ್ತದೆ. 1935ರಲ್ಲಿ ಒಂಬತ್ತು ವರ್ಷದ ಮಗನನ್ನು ಕಳೆದುಕೊಂಡ ತಂದೆಯೊಬ್ಬ ಬರೆದ ವಿದಾಯವಿದು ಎಂಬುದನ್ನು ಮರೆತು ಕೇಳುವುದು ನನ್ನಿಂದಾಗದು. ಎರಡೂ ಗೀತೆಗಳ ಕೊನೆಗೆ ಬರುವುದು ದೇವರನ್ನು ಕೊಂಡಾಡುವ ಒಂದೇ ಮಹಿಮಾಗಾನ. ಆದರೆ ಮುದುಕನ ಶಾಂತ ದನಿಯ ಬೆನ್ನಿಗೇ ಅದು ಉಕ್ಕಿದಾಗ ಮೊದಲ ಸಲ ಕೇಳಿಸದ ಬೆಳಕು ಎರಡನೆಯ ಸಲ ಕೇಳಿಸುತ್ತದೆ.

ಕೊರತೆಯೂ ಇದೆ. ಸ್ವರಮೇಳ ದಟ್ಟವಾಗಿರುವುದರಿಂದ, ಸುಮಾರು 88 ಮೀಟರ್ ಉದ್ದದ ಕಿಂಗ್ಸ್ ಕಾಲೇಜಿನ ಚಾಪೆಲ್ಲಿನಂಥ (ಪ್ರಾರ್ಥನಾಮಂದಿರದಂಥ) ಪ್ರತಿಧ್ವನಿಯ ಕಟ್ಟಡದಲ್ಲಿ ವ್ಯಂಜನಗಳನ್ನು ಖಚಿತವಾಗಿ ಉಚ್ಚರಿಸದಿದ್ದರೆ ಪದಗಳು ಕಲಸಿಹೋಗುತ್ತವೆ. ಪ್ರತಿಧ್ವನಿಯೇ ಇಲ್ಲದ ಸಭಾಂಗಣದಲ್ಲಾದರೋ ಸಾಲಿನಿಂದ ಸಾಲಿಗೆ ಇರಬೇಕಾದ ಹರಿವು ಕಡಿದುಹೋಗುತ್ತದೆ. ನಾನು ಕೇಳಿದ ಒಂದು ಧ್ವನಿಮುದ್ರಣದಲ್ಲಿ ಭಕ್ತಿಯ ಹೆಸರಿನಲ್ಲಿ ಗತಿಯನ್ನು ಎಷ್ಟು ಎಳೆದಿದ್ದರೆಂದರೆ ಹಾಡುವವರ ಉಸಿರು ವಾಕ್ಯದ ನಡುವೆಯೇ ಮುಗಿಯುತ್ತಿತ್ತು. ಒಳ್ಳೆಯ ಟೆನರ್ ಇಲ್ಲದ ಚಿಕ್ಕ ವೃಂದಗಳು ಎರಡನೆಯ ಗೀತೆಗೆ ಕೈಹಾಕದಿರುವುದು ಲೇಸು. ಮೊದಲನೆಯದನ್ನು ಮಾತ್ರ ತಾಳ್ಮೆಯಿಂದ ಕಲಿತರೂ ಶ್ರಮ ಸಾರ್ಥಕ.