1951ರ ಷೆವರ್ಲೆ 3100 ಪಿಕಪ್‌ಗೆ ರೆಡಿಮೇಡ್ ವೈರಿಂಗ್ ಕಿಟ್: ನಾಲ್ಕು ಮಳೆಗಾಲ ಕಳೆದ ಮೇಲೆ

ಕಿಟ್: 12 ಸರ್ಕ್ಯೂಟಿನ ಅಮೆರಿಕನ್ ಹಾರ್ನೆಸ್ (ಗಾಡಿಯ ತಂತಿಗಳ ಪೂರ್ತಿ ಕಟ್ಟು), ಬ್ಲೇಡ್ ಫ್ಯೂಸ್ ಬಾಕ್ಸ್ ಸಮೇತ. ಗಾಡಿ: ಬಲಗಡೆ ಸ್ಟಿಯರಿಂಗಿನ ಷೆವರ್ಲೆ 3100, 6 ವೋಲ್ಟಿನಿಂದ 12ಕ್ಕೆ ಬದಲಾದದ್ದು. ಓಡಾಟ ಪುಣೆಯಲ್ಲಿ, ಚಳಿಗಾಲದಲ್ಲಿ ಒಮ್ಮೆ ಗೋವಾ. ತಂತಿ ಚೆನ್ನಾಗಿದೆ, ಫ್ಯೂಸ್ ಬಾಕ್ಸ್ ಇನ್ನೂ ಚೆನ್ನಾಗಿದೆ. ಆದರೆ ಕರೆಂಟ್ ಹೋಗುವ ದಾರಿಯನ್ನಷ್ಟೇ ಡಬ್ಬದಲ್ಲಿ ಹಾಕಿ ಕಳಿಸುತ್ತಾರೆ, ವಾಪಸ್ ಬರುವ ದಾರಿ ಕೊಂಡವರ ತಲೆಗೆ. ಅರ್ಥಿಂಗ್ ತಂತಿ ಒಂದೂ ಇಲ್ಲ. ನಾಲ್ಕು ವರ್ಷದಲ್ಲಿ ಬಂದ ತೊಂದರೆಗಳಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಅಲ್ಲೇ.

ಮುಂಬೈಯ ಸೆವ್ರಿ ಕಾರ್ಖಾನೆಯಲ್ಲಿ ಜನರಲ್ ಮೋಟರ್ಸ್ 1954ರವರೆಗೆ ಗಾಡಿ ಜೋಡಿಸುತ್ತಿದ್ದ ಕಾಲದ ವೈರಿಂಗ್ ಇನ್ನೂ ಇದ್ದರೆ ಅದನ್ನು ನಂಬಬೇಡಿ. ಹೊರಗೆ ಹತ್ತಿಯ ಹೆಣಿಗೆ ನೆಟ್ಟಗೇ ಕಾಣುತ್ತದೆ. ಒಳಗಿನ ರಬ್ಬರ್ ಒಣಗಿ ರಸ್ಕಿನಂತಾಗಿರುತ್ತದೆ, ಡ್ಯಾಶ್‌ಬೋರ್ಡ್ ಹಿಂದೆ ಒಮ್ಮೆ ಬಾಗಿಸಿದರೆ ಪುಡಿ. ಆದರೂ ಬಿಚ್ಚಿದ ಹಾರ್ನೆಸ್ಸನ್ನು ಗುಜರಿಗೆ ಹಾಕಬೇಡಿ. ನೆಲದ ಮೇಲೆ ಹರಡಿ, ಪ್ರತಿ ತುದಿಗೂ ಚೀಟಿ ಕಟ್ಟಿಡಿ. ಹೊಸದರ ಅಳತೆಗೆ ಅದೇ ನಮೂನೆ.

ಈ ಅಳತೆಯಲ್ಲೇ ಕಿಟ್ಟಿನ ಮೊದಲ ಎಡವಟ್ಟು. ಎಲ್ಲ ತಂತಿಯೂ ಎಡಗಡೆ ಸ್ಟಿಯರಿಂಗಿನ ಲೆಕ್ಕದ್ದು. ಫ್ಯೂಸ್ ಬಾಕ್ಸನ್ನು ಪುಸ್ತಕದಲ್ಲಿ ಹೇಳಿದಂತೆ ಎಡಕ್ಕೆ ಕೂರಿಸಿದರೆ ಲೈಟ್ ಸ್ವಿಚ್, ಇಗ್ನಿಷನ್, ಸ್ಟಿಯರಿಂಗ್ ಕಾಲಮ್ಮಿನ ತಂತಿಗಳು ಮೊಳದುದ್ದ ಸಾಲವು. ಅಲ್ಲಿ ಜಾಯಿಂಟ್ ಹಾಕುವುದಕ್ಕಿಂತ ಬಾಕ್ಸನ್ನೇ ಬಲಕ್ಕೆ ತಂದುಬಿಡಿ. ಹಿಂಬದಿಯ ತಂತಿ ಬೇಕಾದದ್ದಕ್ಕಿಂತ ಉದ್ದವಿರುವುದರಿಂದ ಅದಕ್ಕೆ ಕೊರತೆಯಾಗದು.

ತಂತಿಯ ನಿರೋಧಕ ಕ್ರಾಸ್‌ಲಿಂಕ್ಡ್ ಪಾಲಿಎಥಿಲೀನ್, 125 ಡಿಗ್ರಿ ತಡೆಯುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪಕ್ಕದಲ್ಲಿ ಹಾದದ್ದೂ ನಾಲ್ಕು ವರ್ಷಕ್ಕೆ ಮೆತ್ತಗಾಗಿಲ್ಲ. ಕಡಿಮೆ ಬಿದ್ದ ತಂತಿಗೆ ಮುಂಬೈಯ ಲೋಹಾರ್ ಚಾಳ್ ಎಂಬ ವಿದ್ಯುತ್ ಸಾಮಾನಿನ ಪೇಟೆಗೆ ಹೋಗುವವರು ಮನೆಯ ವೈರಿಂಗಿನದನ್ನು ತರಬೇಡಿ. ಅದು ಸಾಮಾನ್ಯವಾಗಿ 70 ಡಿಗ್ರಿಯದು, ಎಳೆಗಳೂ ದಪ್ಪ. ಅದುರಿ ಅದುರಿ ಲಗ್ಗಿನ (ತಂತಿಯ ತುದಿಗೆ ಹಾಕುವ ಲೋಹದ ಕೊಂಡಿ) ಬುಡದಲ್ಲೇ ತುಂಡಾಗುತ್ತದೆ. ಆಟೋ ವೈರ್ ಎಂದೇ ಕೇಳಿ. ಕಿಟ್ಟಿನ 14 ಗೇಜ್ ಎಂದರೆ 2.08 ಚದರ ಮಿ.ಮೀ., ಅದಕ್ಕೆ ಅಂಗಡಿಯ 2.5 ತೆಗೆದುಕೊಳ್ಳಿ, 10 ಗೇಜ್ 5.26, ಅದಕ್ಕೆ 6. ಇನ್ನು ಜೊತೆಗೆ ಬರುವ ಕೆಂಪು-ನೀಲಿ ಪ್ಲಾಸ್ಟಿಕ್ ಟೋಪಿಯ ಕ್ರಿಂಪ್ (ತಂತಿಗೆ ಒತ್ತಿ ಕೂರಿಸುವ ಕೊಂಡಿ) ಪ್ಯಾಕೆಟನ್ನು ಯಾರಿಗಾದರೂ ದಾನ ಮಾಡಿ. ಬರೀ ತಾಮ್ರದ ಲಗ್, ರ‍್ಯಾಚೆಟ್ ಕ್ರಿಂಪರ್, ಮೇಲೆ ಒಳಗೋಡೆಗೆ ಅಂಟು ಬಳಿದ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ). ಇಷ್ಟು ಮಾಡಿದ ಯಾವ ಜಾಯಿಂಟೂ ಇನ್ನೂ ಬಿಟ್ಟಿಲ್ಲ. ಕಿಟ್ಟಿನ ಟೋಪಿ ಹಾಕಿದವು ಎರಡನೇ ಮಳೆಗಾಲಕ್ಕೇ ಹಸಿರು ತಿರುಗಿದವು. ಪಿವಿಸಿ ಟೇಪೂ ಬೇಡ. ಮೇ ತಿಂಗಳ ಬಿಸಿಲಿಗೆ ಗೋಂದು ಕರಗಿ ಕೈಗೆಲ್ಲ ಮೆತ್ತುತ್ತದೆ. ಬಟ್ಟೆಯ ಹಾರ್ನೆಸ್ ಟೇಪ್ ಹಳೇ ಗಾಡಿಗೆ ಒಪ್ಪುತ್ತದೆ ಕೂಡ.

ಈಗ ಅರ್ಥಿಂಗ್. ಈ ಪಿಕಪ್ಪಿನಲ್ಲಿ ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿದೆ, ಹಿಂದಿನ ತೊಟ್ಟಿಯ ತಳ ಮರದ ಹಲಗೆ. ಲೋಹಕ್ಕೆ ಲೋಹ ಮುಟ್ಟುವ ಕಡೆಯೆಲ್ಲ ಬಣ್ಣ ಅಥವಾ ತುಕ್ಕು. ಎಂಜಿನ್ ಮತ್ತು ಚಾಸಿಸ್ ನಡುವೆ ದಪ್ಪ ಪಟ್ಟಿ ಇಲ್ಲದಿದ್ದರೆ ಸ್ಟಾರ್ಟರಿನ ಕರೆಂಟ್ ಸಿಕ್ಕ ದಾರಿ ಹಿಡಿಯುತ್ತದೆ. ಸೆಲ್ಫ್ ಹೊಡೆದ ಕೂಡಲೇ ಚೋಕ್ ಕೇಬಲ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಕರೆಂಟ್ ಅದರಲ್ಲೇ ಹರಿಯುತ್ತಿದೆ ಎಂದರ್ಥ. ಬ್ಯಾಟರಿ ಮೈನಸ್ಸಿನಿಂದ ಎಂಜಿನ್ ಬ್ಲಾಕಿಗೆ 35 ಚದರ ಮಿ.ಮೀ., ಬ್ಲಾಕಿನಿಂದ ಚಾಸಿಸ್ಸಿಗೆ ಅಷ್ಟೇ ದಪ್ಪದ್ದು, ಚಾಸಿಸ್ಸಿನಿಂದ ಕ್ಯಾಬಿನ್ನಿಗೆ 16. ಆಮೇಲೆ ಪ್ರತಿ ದೀಪಕ್ಕೂ 2.5ರ ಕಪ್ಪು ತಂತಿ ಎಳೆದು ಫ್ಯೂಸ್ ಬಾಕ್ಸ್ ಹಿಂದಿನ ಒಂದೇ ಸ್ಟಡ್ಡಿಗೆ ತನ್ನಿ. ಹದಿನೈದು ಮೀಟರ್ ಕಪ್ಪು ತಂತಿ ಸಾಕು.

ಇದನ್ನು ಹಿಂದಿನ ದೀಪಗಳಿಗೆ ಮೊದಲೇ ಮಾಡದೆ, ಬ್ರಾಕೆಟ್ ಬೋಲ್ಟನ್ನೇ ನಂಬಿದ್ದರ ಫಲ ಮೊದಲ ಗೋವಾ ಓಡಾಟದ ನಂತರ ಕಂಡಿತು. ಬ್ರೇಕ್ ಒತ್ತಿದರೆ ಪಕ್ಕದ ಇಂಡಿಕೇಟರ್ ಮಂಕಾಗಿ ಮಿಣುಕು. ಇಂಡಿಕೇಟರ್ ಹಾಕಿದರೆ ಟೇಲ್ ಲ್ಯಾಂಪ್ ಅದರ ತಾಳಕ್ಕೆ ಕುಣಿತ. ಬಲ್ಬ್ ಬದಲಿಸಿ ದುಡ್ಡು ಕಳೆಯಬೇಡಿ. ಬ್ರೇಕ್ ಒತ್ತಿಟ್ಟುಕೊಂಡು ಮೀಟರಿನ ಒಂದು ಕಡ್ಡಿ ಹೋಲ್ಡರಿನ ಮೈಗೆ, ಇನ್ನೊಂದು ಬ್ಯಾಟರಿ ಮೈನಸ್ಸಿಗೆ. 0.2 ವೋಲ್ಟ್ ದಾಟಿದರೆ ಅರ್ಥಿಂಗ್ ಕೆಟ್ಟಿದೆ. ಇಲ್ಲಿ ತೋರಿಸಿದ್ದು 1.8. ಬೋಲ್ಟ್ ಬಿಚ್ಚಿದಾಗ ವಾಷರಿನಡಿ ಹಸಿರು ಪುಡಿ, ಅದರ ಕೆಳಗೆ ಕೆಂಪು ತುಕ್ಕು.

ಇಂಡಿಕೇಟರ್ ವಿಷಯದಲ್ಲಿ ಕಿಟ್ಟಿನ ನಕ್ಷೆಯನ್ನು ಕಣ್ಣು ಮುಚ್ಚಿ ಪಾಲಿಸಬೇಡಿ. ಅಮೆರಿಕದ ಪದ್ಧತಿಯಲ್ಲಿ ಬ್ರೇಕಿಗೂ ತಿರುವಿಗೂ ಹಿಂದೆ ಒಂದೇ ಕೆಂಪು ಬಲ್ಬ್, ಹಾಗಾಗಿ ಬ್ರೇಕ್ ತಂತಿ ಕಾಲಮ್ ಸ್ವಿಚ್ಚಿನೊಳಗೆ ಹಾದು ಹೋಗುತ್ತದೆ. ನಮ್ಮಲ್ಲಿ ಇಂಡಿಕೇಟರ್ ಬೇರೆಯದೇ, ಹಳದಿ. ಬ್ರೇಕ್ ಸ್ವಿಚ್ಚಿನಿಂದ ಬರುವ ತಂತಿಯನ್ನು ಕಾಲಮ್ಮಿಗೆ ಕೊಡದೆ ನೇರ ಹಿಂದಿನ ಬ್ರೇಕ್ ಬಲ್ಬಿಗೆ ಒಯ್ಯಿರಿ. ಕಾಲಮ್ಮಿನಿಂದ ಹಿಂದಕ್ಕೆ ಬರುವ ಎಡ-ಬಲದ ತಂತಿ ಹಳದಿ ದೀಪಕ್ಕೆ ಮಾತ್ರ. ಎಲ್‌ಇಡಿ ಹಾಕುವವರು ಕಿಟ್ಟಿನ ಫ್ಲಾಷರ್ ತೆಗೆದು ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿ, ಕಡಿಮೆ ಕರೆಂಟಿಗೆ ಹಳೆಯದು ಸರಿಯಾಗಿ ಮಿಣುಕದು.

ಹೆಡ್‌ಲೈಟಿಗೆ ಕಿಟ್ಟಿನಲ್ಲಿ ರಿಲೇ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್) ಇಲ್ಲ, ಇದು ಜಿಪುಣತನವೇ. 60/55 ವಾಟಿನ ಎಚ್4 ಹ್ಯಾಲೊಜೆನ್ ಬಲ್ಬ್ ಜೋಡಿಗೆ ಸುಮಾರು 9 ಆಂಪಿಯರ್ ಬೇಕು. ಅಷ್ಟೂ ಎಪ್ಪತ್ತು ವರ್ಷದ ಲೈಟ್ ಸ್ವಿಚ್ಚಿನಲ್ಲಿ, ಹೈ-ಲೋ ಬದಲಿಸುವ ಕಾಲಡಿಯ ಡಿಮ್ಮರಿನಲ್ಲಿ ಹಾಯಬೇಕು. ಡಿಮ್ಮರಿಗೆ ಮಳೆಯಲ್ಲಿ ಚಪ್ಪಲಿಯ ಕೆಸರೆಲ್ಲ ಅಭಿಷೇಕ. ಹೈ, ಲೋ ಎರಡಕ್ಕೂ ಒಂದೊಂದು ರಿಲೇ ಹಾಕಿ. ರಿಲೇಯ ಮೇಲೆ ಅಚ್ಚಾದ ಪಿನ್ ಅಂಕಿಯಂತೆ: 30ಕ್ಕೆ ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸಿನ ಮೂಲಕ, 87ರಿಂದ ದೀಪಕ್ಕೆ, 86 ಡಿಮ್ಮರಿಗೆ, 85 ಅರ್ಥಿಂಗಿಗೆ. ಡಿಮ್ಮರಿನಲ್ಲಿ ಆಗ ಹರಿಯುವುದು 0.2 ಆಂಪಿಯರಿಗೂ ಕಡಿಮೆ. ಬಲ್ಬಿನ ಬುಡದಲ್ಲಿ 12 ವೋಲ್ಟ್ ಇದ್ದದ್ದು 13.3ಕ್ಕೆ ಏರಿತು, ಖಂಡಾಲಾ ಘಾಟಿನ ಮಂಜಿನಲ್ಲಿ ವ್ಯತ್ಯಾಸ ಮೀಟರಿಲ್ಲದೇ ಗೊತ್ತಾಗುತ್ತದೆ.

ಬ್ಯಾಟರಿ ಕ್ಯಾಬಿನ್ ನೆಲದಡಿಯಲ್ಲಿದೆ. ಅಲ್ಲಿಂದ ಫ್ಯೂಸ್ ಬಾಕ್ಸಿಗೆ ಹೋಗುವ ತಂತಿಗೆ, ಬ್ಯಾಟರಿಯಿಂದ ಗೇಣಿನೊಳಗೆ, 60 ಆಂಪಿಯರಿನ ಫ್ಯೂಸ್ ಇರಲೇಬೇಕು. ತಗಡು ಉಜ್ಜಿ ಶಾರ್ಟ್ ಆದರೆ ನಡುವೆ ತಡೆಯುವವರು ಯಾರೂ ಇಲ್ಲ. ಹಳೆಯ ಅಮ್ಮೀಟರಿನ ಮೂಲಕ ಆಲ್ಟರ್ನೇಟರಿನ ಪೂರ್ತಿ ಕರೆಂಟ್ ಹಾಯಿಸಬೇಡಿ. ಇಗ್ನಿಷನ್ ಕಾಯಿಲ್, ಹಾರ್ನ್, ಎಲ್ಲ ಬಲ್ಬ್ 12 ವೋಲ್ಟಿನವಕ್ಕೆ ಬದಲಾಗಬೇಕು. 6 ವೋಲ್ಟಿನ ಸ್ಟಾರ್ಟರ್ ಹಾಗೇ ನಡೆಯುತ್ತದೆ, ಒಮ್ಮೆಗೆ ಐದು ಸೆಕೆಂಡ್ ಮೀರದಿರಲಿ. ವೈಪರ್ ಎಂಜಿನ್ನಿನ ವ್ಯಾಕ್ಯೂಮಿನಿಂದ (ಗಾಳಿ ಎಳೆತದಿಂದ) ನಡೆಯುವುದಾದ್ದರಿಂದ ಅದರ ತಂತಿ ಸುತ್ತಿಟ್ಟುಬಿಡಿ. ಪೆಟ್ರೋಲ್ ಗೇಜಿಗೆ 6 ವೋಲ್ಟ್ ಕೊಡಲು ಪುಣೆಯ ಬುಧವಾರ ಪೇಟೆಯಲ್ಲಿ ಸಿಗುವ 7806 ಐಸಿ (12 ವೋಲ್ಟನ್ನು 6ಕ್ಕೆ ಇಳಿಸುವ ಚಿಪ್), ಒಂದು ಹೀಟ್‌ಸಿಂಕ್, ಒಳಬದಿಗೆ 0.33 ಮತ್ತು ಹೊರಬದಿಗೆ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಸಾಕು.

ತಂತಿಯ ಮೇಲೆ ಉದ್ದಕ್ಕೂ ಅದರ ಕೆಲಸದ ಹೆಸರು ಅಚ್ಚಾಗಿದೆ, ಇಂಗ್ಲಿಷಿನಲ್ಲಿ. ಇದು ಕಿಟ್ಟಿನ ದೊಡ್ಡ ಗುಣ, ಆದರೆ ಪುಣೆಯ ನಾನಾ ಪೇಟೆಯ ಮಿಸ್ತ್ರಿ ಬಣ್ಣ ನೋಡಿ ಕೆಲಸ ಮಾಡುವವರು. ನೀವು ಕನ್ನಡದಲ್ಲಿ ಬರೆದಿಟ್ಟ ಪಟ್ಟಿಯಿಂದಲೂ ಅವರಿಗೆ ಪ್ರಯೋಜನವಿಲ್ಲ. ಬಣ್ಣದ ಹೆಸರು ಬರೆಯುವ ಬದಲು ಪ್ರತಿ ತಂತಿಯದೂ ಎರಡಿಂಚು ತುಂಡು ಕತ್ತರಿಸಿ ರಟ್ಟಿಗೆ ಅಂಟಿಸಿ, ಪಕ್ಕದಲ್ಲಿ ದೀಪ, ಹಾರ್ನ್, ಪಂಪಿನ ಚಿತ್ರ ಗೀಚಿ, ಫ್ಯೂಸಿನ ಆಂಪಿಯರ್ ಅಂಕಿ ಬರೆದು ಡ್ಯಾಶ್‌ಬೋರ್ಡಿನ ಗೂಡಿನಲ್ಲಿಡಿ. ಜೊತೆಗೆ 10, 15, 20ರ ಎರಡೆರಡು ಫ್ಯೂಸ್, ಒಂದು ರಿಲೇ. ಜೂನ್ ಬರುವ ಮುಂಚೆ ಅರ್ಥಿಂಗ್ ಸ್ಟಡ್ಡಿನ ನಟ್ ಒಮ್ಮೆ ಬಿಚ್ಚಿ, ಮರಳು ಕಾಗದದಿಂದ ಉಜ್ಜಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಹಚ್ಚಿ.