ಆಯಿಲ್ ಬದಲಿಸಿದ ಮೇಲೆ ಕಾರಿನ ಕೆಳಗೆ ಒಮ್ಮೆ ಬಗ್ಗಿ ನೋಡಿ

ಹೈಬ್ರಿಡ್ ಕಾರ್, ಅಂದರೆ ಎಂಜಿನ್ ಜೊತೆಗೆ ಬ್ಯಾಟರಿಯಿಂದ ಓಡುವ ಮೋಟಾರೂ ಇರುವ ಕಾರ್, ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಎಂಜಿನ್ನಿನ ಕೆಳಗೆ, ನೆಲದ ಕಡೆಗೆ ಒಂದು ಕಪ್ಪು ಪ್ಲಾಸ್ಟಿಕ್ ಕವರ್ ಇರುತ್ತದೆ. ಅಂಡರ್ ಕವರ್ ಅಂತಾರೆ. ಬಾನೆಟ್ ಎತ್ತಿದರೆ ಮೇಲೆ ಕಾಣುವ ಕವರ್ ಅಲ್ಲ, ಅದು ಒಡೆದರೂ ಅವಸರವೇನಿಲ್ಲ. ನಾನು ಹೇಳುತ್ತಿರುವುದು ಕೆಳಗಿನದರ ಬಗ್ಗೆ. ಅದರಲ್ಲಿ ಬಿದ್ದ ಒಂದು ಸಣ್ಣ ಸೀಳನ್ನು ಕಡೆಗಣಿಸಿ ನಾನು ಹೆದ್ದಾರಿಯಲ್ಲಿ ಅಪಾಯಕ್ಕೆ ಸಿಕ್ಕಿಕೊಂಡೆ. ಕಾರಿನಲ್ಲಿ ಅಮ್ಮನೂ ಇದ್ದರು.

ಶುರುವಾಗಿದ್ದು ಪಾರ್ಕಿಂಗ್‌ನಲ್ಲಿ. ಚಕ್ರ ತಡೆಯಲು ಸಿಮೆಂಟಿನ ಗಿಡ್ಡ ಕಟ್ಟೆ ಹಾಕಿರುತ್ತಾರಲ್ಲ, ಕಾರಿನ ಮೂತಿ ಅದರ ಮೇಲೆ ಹೋಗುವಷ್ಟು ಮುಂದೆ ನಿಲ್ಲಿಸಿದ್ದೆ. ರಿವರ್ಸ್ ತೆಗೆಯುವಾಗ ಪರ್ ಎಂದು ಸದ್ದಾಯಿತು. ಮುಂದೆ ಹೋಗುವಾಗ ಕವರ್ ಕಟ್ಟೆಯ ಮೇಲೆ ಹಾಗೇ ಜಾರಿಕೊಂಡು ಹೋಗುತ್ತದೆ. ಹಿಂದೆ ಬರುವಾಗ ಅದರ ಅಂಚು ಕಟ್ಟೆಗೆ ಸಿಕ್ಕಿ ಕೆಳಕ್ಕೆ ಎಳೆಯುತ್ತದೆ. ಇಳಿದು ನೋಡಿದೆ. ಬಂಪರ್ ಚೆನ್ನಾಗಿತ್ತು. ಸಮಾಧಾನ ಮಾಡಿಕೊಂಡು ಹೊರಟೆ. ಬಗ್ಗಿ ಕೆಳಗೆ ನೋಡಲಿಲ್ಲ.

ಸ್ವಲ್ಪ ದಿನಕ್ಕೆ ಎಂಜಿನ್ ಆಯಿಲ್ ಬದಲಿಸಬೇಕಾಯಿತು. ಕೆಲವು ಕಾರುಗಳಲ್ಲಿ ಆಯಿಲ್ ಇಳಿಸಲು ಕವರ್‌ನಲ್ಲೇ ಒಂದು ಪುಟ್ಟ ಮುಚ್ಚಳ ಇರುತ್ತದೆ. ನನ್ನದರಲ್ಲಿ ಇಡೀ ಕವರ್ ಬಿಚ್ಚಬೇಕು. ಅದನ್ನು ಹಿಡಿದಿರುವುದು ಕೆಲವು ಬೋಲ್ಟು, ಉಳಿದದ್ದು ಪ್ಲಾಸ್ಟಿಕ್ ಕ್ಲಿಪ್‌ಗಳು. ನನ್ನ ಕಾರಿನ ಕ್ಲಿಪ್‌ಗಳಲ್ಲಿ ನಡುವಿನ ಪಿನ್ನನ್ನು ಮೊದಲು ಮೆಲ್ಲಗೆ ಎತ್ತಬೇಕು, ಆಮೇಲೆ ಕ್ಲಿಪ್ ತಾನಾಗಿ ಸಡಿಲವಾಗುತ್ತದೆ. ಅವಸರಕ್ಕೆ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಅದರ ಕಾಲು ಮುರಿಯುತ್ತದೆ. ಆ ಗ್ಯಾರೇಜಿನಲ್ಲಿ ಆಗಿದ್ದೂ ಅದೇ ಇರಬೇಕು. ಆಮೇಲೆ ಎಣಿಸಿದಾಗ ಮುಂದಿನ ಸಾಲಿನಲ್ಲಿ ಮೂರು ಕ್ಲಿಪ್ ಇರಲೇ ಇಲ್ಲ. ಅಂಚು ಸೀಳಿರುವುದು ಅವರ ಕಣ್ಣಿಗೆ ಬಿದ್ದೇ ಇರುತ್ತದೆ. ಒಂದು ಮಾತು ಹೇಳಬಹುದಿತ್ತು ಅಲ್ವಾ? ಹೇಳಲಿಲ್ಲ.

ನಂತರ ವೇಗ 60 ದಾಟಿದರೆ ಸಾಕು, ಕೆಳಗಿನಿಂದ ಫಟಫಟ ಸದ್ದು. ನಿಧಾನಕ್ಕೆ ಹೋದರೆ ಏನೂ ಇಲ್ಲ. ಈ ಗುಟ್ಟು ಗೊತ್ತಿರಲಿ. ಚಕ್ರದ ಬೇರಿಂಗ್ ಹಾಳಾಗಿದ್ದರೆ ಒಂದೇ ಸಮನೆ ಗುಂಯ್‌ಗುಡುತ್ತದೆ. ಸಡಿಲವಾದ ಕವರ್ ಗಾಳಿಗೆ ಬಡಿದುಕೊಳ್ಳುತ್ತದೆ, ಗಾಳಿ ಜಾಸ್ತಿಯಾದಷ್ಟೂ ಜೋರಾಗಿ.

ಹತ್ತಿರದಲ್ಲಿದ್ದ ಇನ್ನೊಂದು ಗ್ಯಾರೇಜಿಗೆ ಹೋದೆ. ಅಲ್ಲಿನ ಹುಡುಗ ಕೆಳಗೆ ನುಗ್ಗಿ ಹತ್ತು ನಿಮಿಷದಲ್ಲಿ ಎದ್ದು ಬಂದ. 'ಸುಮ್ನೆ ಪ್ಲಾಸ್ಟಿಕ್ ಸಾರ್, ಸ್ಕ್ರೂ ಹಾಕಿದೀನಿ, ವೈರ್ ಕಟ್ಟಿದೀನಿ, ಏನೂ ಆಗಲ್ಲ' ಎಂದ. ಸದ್ದು ನಿಂತಿತು. ನಾನೂ ನಂಬಿದೆ.

ನಿಜ ಹೇಳಬೇಕೆಂದರೆ ಆ ಕವರ್ ಸುಮ್ಮನೆ ಇರುವುದಲ್ಲ. ಕೆಸರು, ನೀರು, ಕಲ್ಲು ಮೇಲಕ್ಕೆ ಹಾರದಂತೆ ಅದು ತಡೆಯುತ್ತದೆ. ಹೈಬ್ರಿಡ್ ಕಾರುಗಳಲ್ಲಿ ಮೈಲೇಜಿಗಾಗಿ ಕೆಳಭಾಗವನ್ನೂ ಆದಷ್ಟು ನುಣುಪಾಗಿ ಮುಚ್ಚುತ್ತಾರೆ. 2009ರಲ್ಲಿ ಬಂದ, ಟೊಯೋಟಾದ ಹೈಬ್ರಿಡ್ ಕಾರಾದ ಮೂರನೇ ತಲೆಮಾರಿನ ಪ್ರಿಯಸ್‌ನ ಗಾಳಿ ತಡೆಯ ಅಂಕಿ (ಡ್ರ್ಯಾಗ್ ಕೋಎಫಿಶಿಯೆಂಟ್, ಕಡಿಮೆ ಇದ್ದಷ್ಟೂ ಗಾಳಿ ಕಾರನ್ನು ಕಡಿಮೆ ತಡೆಯುತ್ತದೆ) 0.25. ಅಷ್ಟು ಕಡಿಮೆ ಮಾಡಬೇಕಾದರೆ ಕಾರಿನ ಹೊಟ್ಟೆಯ ಕೆಳಗೂ ಗಾಳಿ ಸಲೀಸಾಗಿ ಹರಿಯಬೇಕು. ಹಾಗಾಗಿ ಕವರ್ ಅಗಲವಾಗಿರುತ್ತದೆ. ಅಗಲ ಜಾಸ್ತಿ ಇದ್ದಷ್ಟೂ, ಮುಂದಿನ ಅಂಚು ಬಿಟ್ಟುಕೊಂಡ ದಿನ ಅದು ಹಾಯಿಯ ಹಾಗೆ ಗಾಳಿ ತುಂಬಿಕೊಳ್ಳುತ್ತದೆ.

ನನಗೆ ಆ ದಿನ ಬಂದದ್ದು ಹೆದ್ದಾರಿಯಲ್ಲಿ, ಸುಮಾರು 90ರ ವೇಗದಲ್ಲಿ. ದಡಾರ್ ಎಂದು ಸದ್ದಾಯಿತು. ಸ್ಟೀರಿಂಗ್ ನಡುಗಿತು. ಕವರ್ ಮುಂದಿನಿಂದ ಕಿತ್ತುಕೊಂಡು ಹಿಂದಕ್ಕೆ ಮಡಚಿ, ಒಂದು ಮೂಲೆ ಎಡ ಚಕ್ರಕ್ಕೆ ಉಜ್ಜುತ್ತಿತ್ತು. ಗಟ್ಟಿಯಾಗಿ ಬ್ರೇಕ್ ಹಾಕದೆ, ಮೆಲ್ಲಗೆ ವೇಗ ಇಳಿಸಿ ರಸ್ತೆಯ ಅಂಚಿಗೆ ತಂದೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತಿತ್ತು. ಮಡಚಿದ ಭಾಗ ಸೈಲೆನ್ಸರ್ ಪೈಪಿಗೆ ಅಂಟಿಕೊಂಡಿತ್ತು. ಆ ಪೈಪ್ ಓಡುವಾಗ ನೂರಾರು ಡಿಗ್ರಿ ಕಾಯುತ್ತದೆ.

ಇಲ್ಲಿ ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೈಬ್ರಿಡ್ ಓಡಿಸುವ ಯಾರಿಗಾದರೂ ಇದು ಆಗಬಹುದು. ಬಿಸಿಲು ಜೋರಾಗಿತ್ತು. ಅಮ್ಮನಿಗೆ ಸೆಕೆಯಾಗಬಾರದು ಎಂದು ಎಸಿ ಬಿಟ್ಟು ಇಳಿದೆ. ಗೇರ್ ಪಾರ್ಕ್‌ನಲ್ಲಿತ್ತು, ಎಂಜಿನ್ ಸದ್ದಿರಲಿಲ್ಲ. ಆಫ್ ಆಗಿದೆ ಎಂದೇ ನನ್ನ ಮನಸ್ಸು ತಿಳಿದುಕೊಂಡಿತು. ಬಗ್ಗಿ ಬಂಪರ್ ಕೆಳಗೆ ಕೈ ಹಾಕಿ ಕವರ್ ಎಳೆಯುತ್ತಿದ್ದೆ. ಆಗ ಎಂಜಿನ್ ತಾನಾಗಿಯೇ ಸ್ಟಾರ್ಟ್ ಆಯಿತು. ಪಕ್ಕದಲ್ಲೇ ರೇಡಿಯೇಟರ್ ಫ್ಯಾನೂ ಗಿರ್ರೆಂದು ತಿರುಗಿತು. ಎಸಿ ಓಡಿ ಬ್ಯಾಟರಿ ಇಳಿಯಿತು, ಚಾರ್ಜ್ ಮಾಡಲು ಎಂಜಿನ್ ಎದ್ದಿತು, ಅಷ್ಟೇ. ಕಾರಿನ ಪ್ರಕಾರ ಅದು ಸರಿ. ನನ್ನ ಕೈ ಇನ್ನೊಂದು ಗೇಣು ಒಳಗಿದ್ದಿದ್ದರೆ ಏನಾಗುತ್ತಿತ್ತೋ, ಈಗಲೂ ನೆನೆದರೆ ಕೈ ತಣ್ಣಗಾಗುತ್ತದೆ.

ಹೈಬ್ರಿಡ್‌ನಲ್ಲಿ ಸದ್ದಿಲ್ಲ ಎಂದರೆ ಆಫ್ ಎಂದು ಅರ್ಥವಲ್ಲ. ಡ್ಯಾಶ್‌ಬೋರ್ಡಿನಲ್ಲಿ ರೆಡಿ ದೀಪ ಉರಿಯುತ್ತಿದ್ದರೆ ಎಂಜಿನ್ ಯಾವ ಕ್ಷಣದಲ್ಲಾದರೂ ಏಳಬಹುದು. ಬಟನ್ ಒತ್ತಿ ಪೂರ್ತಿ ಆಫ್ ಮಾಡಿ. ದೀಪ ಆರಿತೇ ನೋಡಿ. ಕೀಯನ್ನು ಕಾರಿನಿಂದ ದೂರ ಇಡಿ. ಪೈಪ್ ಆರುವವರೆಗೆ ಕಾಯಿರಿ. ಬರೀ ಜಾಕ್ ಮೇಲೆ ಕಾರ್ ನಿಲ್ಲಿಸಿ ಯಾವ ಕಾರಣಕ್ಕೂ ಕೆಳಗೆ ನುಗ್ಗಬೇಡಿ. ವಾಹನಗಳು ಹತ್ತಿರದಲ್ಲೇ ಓಡುತ್ತಿದ್ದರೆ ಕವರ್ ಆಸೆ ಬಿಟ್ಟು, ಜನರನ್ನು ದೂರ ನಿಲ್ಲಿಸಿ, ಸಹಾಯಕ್ಕೆ ಫೋನ್ ಮಾಡಿ. ನಾನು ಕೊನೆಗೆ ಮಾಡಿದ್ದೂ ಅದನ್ನೇ, ಕಾರನ್ನು ಲಾರಿಯ ಮೇಲೆ ಹೇರಿಸಿ ಕಳಿಸಿದೆ.

ಹೈಬ್ರಿಡ್ ಕೆಲಸ ಕಲಿತ ಒಬ್ಬ ಹಿರಿಯ ಮೆಕ್ಯಾನಿಕ್ ಕಾರನ್ನು ರ‍್ಯಾಂಪ್ ಮೇಲೆ ಎತ್ತಿದರು. ಕವರ್ ನೋಡಿದರು, ಟೈರ್ ನೋಡಿದರು, ಆಮೇಲೆ ಸುಮ್ಮನಾದರು. ಟಾರ್ಚ್ ಹಿಡಿದು ನನ್ನನ್ನು ಕರೆದು ತೋರಿಸಿದರು. ಆ ಹುಡುಗ ಹಾಕಿದ್ದ ಉದ್ದನೆಯ ಸ್ಕ್ರೂಗಳಲ್ಲಿ ಒಂದು ಇನ್ನೂ ಹಾಗೇ ಇತ್ತು. ಅದರ ಚೂಪು ತುದಿಗೂ ಒಂದು ಕಿತ್ತಳೆ ಬಣ್ಣದ ಕೇಬಲ್ಲಿಗೂ ನಡುವೆ ಒಂದು ಬೆರಳಿನಷ್ಟು ಜಾಗ.

ಕಿತ್ತಳೆ ಬಣ್ಣ ಎಂದರೆ ಹೈ ವೋಲ್ಟೇಜ್. ಎಂಜಿನ್ ನಿಂತಾಗಲೂ ಎಸಿ ಓಡಬೇಕು, ಹಾಗಾಗಿ ನನ್ನಂಥ ಹೈಬ್ರಿಡ್‌ಗಳಲ್ಲಿ ಎಸಿ ಕಂಪ್ರೆಸರ್ ಬೆಲ್ಟಿನಿಂದಲ್ಲ, ದೊಡ್ಡ ಬ್ಯಾಟರಿಯ ಕರೆಂಟಿನಿಂದ ಓಡುತ್ತದೆ. ಅದು ಕೂತಿರುವುದು ಎಂಜಿನ್ನಿನ ತಗ್ಗಿನಲ್ಲಿ, ಕವರ್‌ಗೆ ಹತ್ತಿರದಲ್ಲಿ. ಆ ಮೂರನೇ ತಲೆಮಾರಿನ ಪ್ರಿಯಸ್‌ನ ಬ್ಯಾಟರಿಯೇ 201.6 ವೋಲ್ಟ್. ಮೋಟಾರಿಗೆ ಹೋಗುವಾಗ ಅದನ್ನು 650 ವೋಲ್ಟಿನವರೆಗೆ ಏರಿಸುತ್ತಾರೆ. ಅಂಥ ಕೇಬಲ್ಲಿನ ಮೇಲೆ ಗೀರು ಕಂಡರೂ ಟೇಪ್ ಸುತ್ತಬೇಡಿ, ಮುಟ್ಟಲೂ ಬೇಡಿ. ಅದು ತರಬೇತಿ ಆದವರ ಕೆಲಸ.

ಕವರ್ ನನ್ನ ಕಾರಿನಲ್ಲಿ ಎರಡು ತುಂಡು. ಮುಂದಿನ ತುಂಡಿನ ಅಂಚೇ ಹೋಗಿದ್ದರಿಂದ ಹೊಸದು ಹಾಕಿಸಿದೆ. ಹಿಂದಿನದರಲ್ಲಿ ಸೀಳು ಮಾತ್ರ ಇತ್ತು, ಅದನ್ನು ಬಿಸಿ ಮಾಡಿ ಬೆಸೆದರು. ಒಳಮೈಯಲ್ಲಿ ಪಿಪಿ ಎಂಬ ಅಚ್ಚು ಇದ್ದರೆ ಅದು ಪಾಲಿಪ್ರೊಪಿಲೀನ್. ಅದಕ್ಕೆ ಮಾಮೂಲಿ ಗಮ್ ಹಿಡಿಯುವುದೇ ಇಲ್ಲ, ಅದೇ ಪ್ಲಾಸ್ಟಿಕ್ಕಿನ ಕಡ್ಡಿ ಕರಗಿಸಿ ಬೆಸೆಯಬೇಕು. ತೂತು ಹರಿದು ಅಗಲವಾಗಿದ್ದ ಕಡೆ ಅಗಲವಾದ ವಾಷರ್ ಕೊಟ್ಟು, ಕಾರಿನದೇ ಅಳತೆಯ ಬೋಲ್ಟ್ ಹಾಕಿದರು. ಟೈರಿನ ಪಕ್ಕೆ ಸವೆದಿತ್ತು, ಅದನ್ನೂ ಬದಲಿಸಿದೆ. ಮೂರು ಕ್ಲಿಪ್ ಹಾಕಿದ್ದರೆ ಮುಗಿಯುತ್ತಿದ್ದ ಕೆಲಸ!

ಈಗ ಆಯಿಲ್ ಬದಲಿಸಲು ಹೋದಾಗ ಕವರ್ ಬಿಚ್ಚುವ ಮೊದಲೇ ಫೋನಿನಲ್ಲಿ ಕೆಳಗಿನ ಫೋಟೋ ತೆಗೆದುಕೊಳ್ಳುತ್ತೇನೆ. ಕೆಲಸ ಮುಗಿದ ಮೇಲೆ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ಕ್ಲಿಪ್, ಬೋಲ್ಟ್ ಎಣಿಸುತ್ತೇನೆ. ಹೆಚ್ಚುವರಿ ಕ್ಲಿಪ್‌ಗಳ ಒಂದು ಪೊಟ್ಟಣ ಡಿಕ್ಕಿಯಲ್ಲೇ ಇರುತ್ತದೆ. ಯಾರೂ ಬೇಜಾರು ಮಾಡಿಕೊಂಡಿಲ್ಲ.

ಆ ಸ್ಕ್ರೂ ತೆಗೆದುಕೊಂಡು ಎರಡನೇ ಗ್ಯಾರೇಜಿಗೆ ಹೋದೆ. ಜಗಳ ಮಾಡಬೇಕೆಂದೇ ಹೋಗಿದ್ದೆ. ರ‍್ಯಾಂಪ್ ಮೇಲೆ ತೆಗೆದ ಫೋಟೋ ತೋರಿಸಿದಾಗ ಆ ಹುಡುಗನ ಮುಖ ಬಿಳಿಚಿಕೊಂಡಿತು. ಕಿತ್ತಳೆ ಕೇಬಲ್ ಎಂದರೇನು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನೂ ಎರಡು ಹೈಬ್ರಿಡ್ ಕಾರಿಗೆ ಹೀಗೇ ಸ್ಕ್ರೂ ಹಾಕಿದ್ದೇನೆ ಎಂದು ಅವನೇ ಹೇಳಿದ. ನನ್ನೆದುರಿಗೇ ಆ ಇಬ್ಬರಿಗೂ ಫೋನ್ ಮಾಡಿದ. ಒಬ್ಬರು ಬರುತ್ತೇನೆ ಎಂದರು. ಇನ್ನೊಬ್ಬರು ಫೋನ್ ಎತ್ತಲಿಲ್ಲ. ನಾನು ಇದನ್ನು ಬರೆಯಲು ಕೂತದ್ದು ಅವರಿಗಾಗಿ. ನಿಮ್ಮ ಹೈಬ್ರಿಡ್‌ನ ಅಂಡರ್ ಕವರ್‌ಗೆ ಯಾರಾದರೂ ಸ್ಕ್ರೂ ಹಾಕಿ ಕೊಟ್ಟಿದ್ದರೆ, ಈ ವಾರವೇ ಗೊತ್ತಿದ್ದವರ ಹತ್ತಿರ ರ‍್ಯಾಂಪ್ ಮೇಲೆ ಎತ್ತಿಸಿ ನೋಡಿಸಿ.